ಗುಂಡನ ಹಗ್ಗ

ಕುಂಯ್ ಅಂದದ್ದು ಮೊಣಕಾಲಲ್ಲ, ಫ್ಯಾನು, ಶೆಡ್ಡಿನ ಆ ಮೂಲೆಯ ಫ್ಯಾನು ಕರೆಂಟು ಏರಿಳಿದಾಗಲೆಲ್ಲ ಹಾಗೇ ಕೊರಗುತ್ತದೆ, ಮೊಣಕಾಲಿನ ಸದ್ದು ಬೇರೆ, ಅದು ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ — ಇಲ್ಲ, ಇನ್ನೂ ಬಂದಿಲ್ಲ, ಗುಂಡ ಚೆನ್ನಾಗಿಯೇ ನಡೆಯುತ್ತಿದ್ದಾನೆ, ಎಡಗಾಲು ಎತ್ತಿದ, ಊರಿದ, ಬಲಗಾಲು ಎತ್ತಿದ, ಎತ್ತಿದ ಕಾಲು ಒಂದು ಕ್ಷಣ ಗಾಳಿಯಲ್ಲಿ ನಿಂತು ಎಲ್ಲಿ ಇಳಿಯಲಿ ಅಂತ ಕೇಳುತ್ತದಲ್ಲ, ಆಗ ನನ್ನ ಬೆರಳು ತಾವಾಗಿ ಬಿಗಿಯುತ್ತವೆ, ಊರಿದ ಮೇಲೆ ಸಡಿಲುತ್ತವೆ, ಮತ್ತೆ ಎತ್ತಿದ, ಮತ್ತೆ ಬಿಗಿದವು. ಎಂಟು ವರ್ಷದ ಹುಡುಗನಷ್ಟು ಎತ್ತರ, ಎರಡು ಕಬ್ಬಿಣದ ಕಾಲು, ಸೊಂಟದ ಜಾಗದಲ್ಲಿ ಪೆಟ್ಟಿಗೆ, ತಲೆ ಅನ್ನುವುದು ಕ್ಯಾಮೆರಾ ಕೂರಿಸಿದ ಒಂದು ಉಂಡೆ, ಅದಕ್ಕೇ ಗುಂಡ ಅಂತ ಹೆಸರಿಟ್ಟ ಲ್ಯಾಬಿನ ಹುಡುಗ ಕಿರಣ್‌ಕುಮಾರ್, ಮನುಷ್ಯರ ಹಾಗೆ ನಡೆಯುವುದನ್ನು ಯಂತ್ರಕ್ಕೆ ಕಲಿಸುವುದೇ ಈ ಲ್ಯಾಬಿನವರ ಕೆಲಸ. ನನ್ನ ಕೈಯಲ್ಲಿ ಅವನ ಹಗ್ಗ. ಬೆಟ್ಟ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಹಗ್ಗ, ಗುಂಡನ ಹೆಗಲಿನಿಂದ ಮೇಲೆ ಹೋಗಿ ಚೌಕಟ್ಟಿನ ರಾಟೆಯ ಮೇಲೆ ಹಾದು ಕೆಳಗೆ ನನ್ನ ಕೈಗೆ ಬಂದಿದೆ, ಚೌಕಟ್ಟಿಗೆ ಗಾಲಿ, ಕಿರಣ್ ಅದನ್ನು ಗುಂಡನ ಜೊತೆಜೊತೆಗೆ ತಳ್ಳುತ್ತಾನೆ, ನಾನು ಪಕ್ಕದಲ್ಲೇ ನಡೆಯುತ್ತೇನೆ, ಬಿದ್ದರೆ ಎಳೆದು ಹಿಡಿಯಬೇಕು, ಬೀಳುವವರೆಗೆ ಒಂದು ಗೇಣು ಸಡಿಲ ಬಿಟ್ಟಿರಬೇಕು, ಇಷ್ಟೇ. ಕಾಲೇಜಿನಲ್ಲಿ ನಾನು ಅಟೆಂಡರ್, ಲ್ಯಾಬಿನ ಬೀಗ, ಟೀ, ಕಸ, ಆಮೇಲೆ ಈ ಹಗ್ಗ ಹೇಗೆ ಸೇರಿತು ಅಂದರೆ ಎಲ್ಲರ ಕೈಯೂ ಲ್ಯಾಪ್‌ಟಾಪಿನ ಮೇಲೆ ಇರುತ್ತಿತ್ತು, ಖಾಲಿ ಕೈ ಅಂತ ಇದ್ದದ್ದು ನನ್ನದೊಂದೇ, ಪ್ರಮೀಳಾಂಟಿ ಚೂರು ಇಡ್ಕೊಳ್ಳಿ ಅಂದಳು ಸಂಧ್ಯಾ, ಅವತ್ತಿನಿಂದ ನನಗೇ ಅಂಟಿಕೊಂಡಿತು.

ತಿರುವು ಮುಗಿಯಿತು, ಬೀಳಲಿಲ್ಲ, ಇನ್ನು ಏರು. ಪ್ಲೈವುಡ್ಡಿನ ಏರು, ಅದರ ಮೇಲೆ ತೆಂಗಿನ ನಾರಿನ ಚಾಪೆ, ನೆಲ ಅಂದ್ರೆ ಎಲ್ಲ ಕಡೆ ಕಾಲೇಜ್ ಕಾರಿಡಾರ್ ಥರ ನುಣ್ಣಗಿರುತ್ತಾ ಆಂಟಿ ಅಂತ ಸಂಧ್ಯಾಳೇ ಅದನ್ನು ಗುಬ್ಬಿಯಿಂದ ಹೊತ್ತು ತಂದಳು, ಬೆಳಗಿನ ರೈಲಿನಲ್ಲಿ, ಸುರುಳಿಯ ತುದಿ ಪಕ್ಕದವರ ಮುಖಕ್ಕೆ ಚುಚ್ಚಿ ಬೈಸಿಕೊಂಡು. ಆ ಹುಡುಗಿಯದೇ ಇದೆಲ್ಲ, ಗುಂಡ ಯಾವಾಗ ಯಾವ ಕಾಲು ಎತ್ತಬೇಕು ಅನ್ನುವುದು ಅವಳ ಸಂಶೋಧನೆ, ಈಗ ಮೂಲೆಯ ಮೇಜಿನ ಹಿಂದೆ ನಿಂತಿದ್ದಾಳೆ, ತುಟಿ ಒಣಗಿದೆ, ಬೆಳಿಗ್ಗೆ ಒಂದು ಇಡ್ಲಿ ತಿನ್ನೇ ಅಂದರೆ ಆಮೇಲೆ ಆಂಟಿ ಆಮೇಲೆ. ಎದುರಿಗೆ ಮೂರು ಕುರ್ಚಿ, ಪರಿಶೀಲನೆಗೆ ಬಂದ ಮೂವರು, ನಡುವಿನವರು ಕನ್ನಡಕ ಹಣೆಗೆ ಏರಿಸಿಕೊಂಡು ಬರೀ ಗುಂಡನ ಪಾದ ನೋಡುತ್ತಿದ್ದಾರೆ. ಸಮ ನೆಲ, ಏರು, ಇಳಿಜಾರು, ಹಗ್ಗದ ಆಸರೆಯಿಲ್ಲದೆ ಮುಗಿಸಿದರೆ ಕೆಲಸ ಮುಂದುವರಿಯುತ್ತದೆ, ಬಿದ್ದರೆ ಇವತ್ತೇ ಕೊನೆ, ಗುಂಡ ಸ್ಟೋರ್ ರೂಮಿಗೆ, ಸಂಧ್ಯಾ ಅರ್ಧದಲ್ಲಿ ಊರಿಗೆ. ಬೆಳಿಗ್ಗೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದೆ, ಜಯಪ್ರಕಾಶ್ ಸರ್ ಬಂದರು, ಲ್ಯಾಬಿಗೆ ದೊಡ್ಡವರು, ನನ್ನ ಮೇಲೆ ಎಂದೂ ದನಿ ಏರಿಸಿದವರಲ್ಲ, ಪ್ರಮೀಳಮ್ಮ, ಏರಿನ ಹತ್ರ ಬಂದಾಗ ನಾನು ಕೆಮ್ತೀನಿ, ಆಗ ಹಗ್ಗ ಚೂರು ಬಿಗಿ ಮಾಡ್ಬಿಡಿ, ಚೂರೇ, ಯಾರಿಗೂ ಕಾಣಲ್ಲ. ಹಂಗೆ ಮಾಡ್ಬಾರ್ದು ಅಂತ ಸಂಧ್ಯಾ ಹೇಳವ್ಳಲ್ಲ ಸರ್ ಅಂದೆ. ಅವಳಿಗೆ ಹೇಳೋಕೆ ಹೋಗ್ಬೇಡಿ, ಅವಳಿಗೋಸ್ಕರಾನೇ ಕೇಳ್ತಿರೋದು, ಮಗು ಕೈ ಹಿಡ್ಕೊಂಡು ಮೆಟ್ಲು ಹತ್ತಿಸಲ್ವಾ, ಹಂಗೆ ಅನ್ಕೊಳ್ಳಿ. ಆಗಲಿ ಅಂದೆನಾ? ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ, ಲೋಟ ಬೋರಲು ಹಾಕುತ್ತ ನಿಂತೆ, ತಲೆ ಎತ್ತಿದರೆ ಬಾಗಿಲಲ್ಲಿ ಸಂಧ್ಯಾ, ಸರ್ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು, ಎಷ್ಟು ಕೇಳಿಸಿತೋ ಏನೋ, ಆಮೇಲೆ ದಿನಾ ಹುಷಾರು ಆಂಟಿ ಅನ್ನುವವಳು ಹಗ್ಗ ನನ್ನ ಕೈಗೆ ತುರುಕಿ ತಿರುಗಿ ಹೋದಳು. ಸರ್ ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ನಲ್ಲಿ ನಿಲ್ಲಿಸಿ ಎದ್ದು ಬರುತ್ತಿದ್ದೆ.

ಹಗ್ಗ ಬಿಗಿಯಾದ್ರೆ ಅವನ ಭಾರ ಹಗ್ಗಕ್ಕೆ ಹೋಗುತ್ತೆ ಆಂಟಿ, ಪಾದಕ್ಕೆ ಗೊತ್ತಾಗಲ್ಲ, ನಾನು ಹಗುರ ಇದೀನಿ ಅನ್ಕೊಂಡು ಕಾಲು ತಪ್ಪಾಗಿ ಇಡ್ತಾನೆ, ಆಮೇಲೆ ಅವನು ನಡೆದನೋ ನೀವು ಎತ್ಕೊಂಡು ಹೋದ್ರೋ ನಂಗೂ ಗೊತ್ತಾಗಲ್ಲ — ಮೊದಲ ದಿನವೇ ಹೇಳಿದ್ದಳು ಸಂಧ್ಯಾ, ಆಗ ತಲೆಯಾಡಿಸಿದ್ದೆ, ಅರ್ಥವಾದದ್ದು ಅವತ್ತಲ್ಲ, ಬಟವಾಡಿಯ ಕ್ಲಿನಿಕ್ಕಿನಲ್ಲಿ. ನಮ್ಮೆಜಮಾನರು ಕುಣಿಗಲ್ ರೂಟಿನ ಬಸ್ಸು ಓಡಿಸುತ್ತಿದ್ದವರು, ಅನಂತರಾಜು ಡ್ರೈವರ್ ಬ್ರೇಕ್ ಹಾಕಿದರೆ ನಿಂತವರೂ ವಾಲುತ್ತಿರಲಿಲ್ಲ, ಅಂಥ ಬಲಗಾಲು, ಲಕ್ವ ಹೊಡೆದ ಮೇಲೆ ಆ ಕಾಲೇ ಮಾತು ಕೇಳುವುದಿಲ್ಲ, ಎತ್ತಿದರೆ ಎತ್ತಿದಲ್ಲೇ ಯೋಚನೆ ಮಾಡುತ್ತದೆ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಹಿಂದಿನಿಂದ ನಾನು ಹಿಡಿದುಕೊಂಡು ನಡೆಸಬೇಕು, ಕ್ಲಿನಿಕ್ಕಿನ ನಿಶಾತ್ ಕಲಿಸಿಕೊಟ್ಟಳು, ನೋಡಿ ನೋಡಿ ಸಾಕಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಅಕ್ಕಾ ಇಷ್ಟು ಬಿಗಿ ಹಿಡಿದ್ರೆ ಅಣ್ಣ ನಡೀತಿಲ್ಲ, ನೀವು ನಡಿಸ್ತಿದೀರ, ಕಾಲಿನ ಮೇಲೆ ಭಾರ ಬರ್ಲಿ, ಬಂದ್ರೇನೇ ಅದಕ್ಕೆ ನೆನಪಾಗೋದು. ಬಿದ್ರೆ ಏನ್ಮಾಡ್ಲಿ ನಿಶಾತ್? ಬಿದ್ರೆ ಹಿಡೀರಿ, ಬೀಳೋಕೆ ಮುಂಚೆನೇ ಯಾಕೆ ಹಿಡೀತೀರ? ಹೇಳುತ್ತಾಳೆ ಅವಳು, ರಾತ್ರಿಯಿಡೀ ನಮ್ಮೆಜಮಾನರ ಉಸಿರು ಕೇಳಿಸಿಕೊಂಡು ಮಲಗುವವಳು ಅವಳಲ್ಲ. ನಿನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿ, ಚಪ್ಪಡಿಯ ಮೇಲೆ, ಆ ಕಾಲು ಎತ್ತಿದರು, ಗಾಳಿಯಲ್ಲಿ ನಿಂತಿತು, ವಾಲಿದರು ಅನ್ನಿಸಿತು, ಎಳೆದೆ, ಎಳೆದದ್ದಕ್ಕೇ ಹಿಂದಕ್ಕೆ ಬಂದು ನನ್ನ ಮೇಲೇ ಕೂತರು, ಇಬ್ಬರೂ ನೆಲದ ಮೇಲೆ, ಕಾಂಪೌಂಡಿನ ಆಚೆಯಿಂದ ಮಹಾಲಕ್ಷ್ಮಮ್ಮ ಇಣುಕಿ, ಏನ್ರವ್ವಾ, ಗಂಡ ಹೆಂಡ್ತಿ ಹಗಲೊತ್ನಲ್ಲೇ ಶುರು ಹಚ್ಕೊಂಡ್ರಾ. ನಮ್ಮೆಜಮಾನರು ನಕ್ಕರು, ಅರ್ಧ ಮುಖದಲ್ಲಿ, ಬಸ್ಸು ನೆಟ್ಟಗೇ ಹೋಗ್ತಿತ್ತು ಕಣೇ, ನೀನೇ ಹ್ಯಾಂಡ್‌ಬ್ರೇಕ್ ಎಳ್ದೆ. ಆಮೇಲೆ ನಗಲಿಲ್ಲ. ಬುಡೇ ನನ್ನ, ಬೀಳ್ತೀನೋ ನಿಲ್ತೀನೋ ಒಂದ್ಸಲ ಬುಟ್ಟು ನೋಡು. ಆಯ್ತು ರೀ ಅಂದೆ, ಪಟ್ಟಿ ಬಿಡಲಿಲ್ಲ, ಬಾಯಿ ಒಪ್ಪಿದರೂ ಕೈ ಒಪ್ಪುವುದಿಲ್ಲ, ಈ ಕೈಗೆ ಮಕ್ಕಳು ಎತ್ತಿ ಅಭ್ಯಾಸ, ಬೀಳುವ ಪಾತ್ರೆ ನೆಲ ಮುಟ್ಟುವ ಮೊದಲೇ ಹಿಡಿದು ಅಭ್ಯಾಸ —

ಕೆಮ್ಮು. ಸರ್ ಕೆಮ್ಮಿದರು. ಗುಂಡ ಏರಿನ ಬುಡದಲ್ಲಿ ಎಡಗಾಲು ಇಟ್ಟಿದ್ದಾನೆ, ಪ್ಲೈವುಡ್ಡು ಕಿರ್ ಅಂತು, ಕೇಳಿಸದವಳ ಹಾಗೆ ಮುಖ ಇಟ್ಟುಕೊಂಡಿದ್ದೇನೆ, ಬೆರಳು ಹಾಗಿಲ್ಲ, ಬೆರಳು ಆಗಲೇ ಹಗ್ಗವನ್ನು ಬಿಗಿಯಾಗಿ ಅಮುಕಿವೆ, ಇರು, ಇರು ಅಂದೆನಲ್ಲ, ಇನ್ನೂ ಬಿದ್ದಿಲ್ಲ, ಒಂದು ಹೆಜ್ಜೆ, ಇನ್ನೊಂದು, ಆಂಟಿ ಅಂತ ಕಿರಣ್ ಹಲ್ಲಿನ ನಡುವೆ ಅಂದ, ಚೌಕಟ್ಟಿನ ಗಾಲಿ ನನ್ನ ಚಪ್ಪಲಿ ಸವರಿ ಹೋಯಿತು, ಈಗ ಬಂತು ಹಲ್ಲು ಕಡಿದ ಸದ್ದು, ಇದು ಮೊಣಕಾಲೇ, ಬಲಗಾಲಿನ ತುದಿ ನಾರಿಗೆ ಸಿಕ್ಕಿಕೊಂಡಿತು, ಕಿತ್ತುಕೊಳ್ಳಲು ನೋಡಿದ, ಬರಲಿಲ್ಲ, ಮೈ ಕುರ್ಚಿಗಳ ಕಡೆಗೆ ವಾಲಿತು, ಇನ್ನೊಂದು ಕೆಮ್ಮು, ಇದು ಕೆಮ್ಮೇ ಅಲ್ಲ, ಕೂಗು, ನಾರು ಬಿಟ್ಟುಕೊಂಡಿತು, ಕಾಲು ಮೇಲೆದ್ದಿತು, ಮೇಲೆ ನಿಂತಿತು, ವಾಲುತ್ತಿದ್ದಾನೆ, ಗೇಣು ಸಡಿಲ ಮೂರು ಬೆರಳಾಯಿತು, ಎರಡಾಯಿತು, ಈಗ ಎಳೆದರೆ ಯಾರಿಗೂ ಕಾಣುವುದಿಲ್ಲ, ಎಳೆದರೆ ಹಿಂದಕ್ಕೆ ಬರುತ್ತಾನೆ, ಅಂಗಳ, ಚಪ್ಪಡಿ, ಬುಡೇ ನನ್ನ, ಬೀಳೋಕೆ ಮುಂಚೆನೇ ಯಾಕೆ, ಬಿದ್ದಿಲ್ಲ, ಇನ್ನೂ ಬಿದ್ದಿಲ್ಲ — ಧಪ್. ಕಾಲು ಪಕ್ಕಕ್ಕೆ ಬಿತ್ತು, ಯಾರೂ ಕಲಿಸದ ಜಾಗದಲ್ಲಿ, ಕುಡಿದವನ ಹಾಗೆ ಅಡ್ಡಡ್ಡ, ಆದರೆ ಬಿತ್ತು, ಊರಿತು, ಗುಂಡ ಗಡಗಡ ಅಲ್ಲಾಡಿದ, ನಿಂತ. ಎಳೆಯಲಿಲ್ಲ. ನಾನು ಎಳೆಯಲಿಲ್ಲ.

ಸರ್ ನನ್ನ ಕಡೆ ನೋಡಿ ಕಣ್ಣಲ್ಲೇ ನಗುತ್ತಿದ್ದಾರೆ, ಉಪಕಾರ ಆಯ್ತು ಪ್ರಮೀಳಮ್ಮ ಅನ್ನುವ ನಗೆ, ಅಯ್ಯೋ ದೇವರೇ, ನಾನೇ ಹಿಡಿದೆ ಅಂದುಕೊಂಡಿದ್ದಾರೆ, ಆ ನಗೆಯನ್ನು ಮೇಜಿನ ಹಿಂದಿನಿಂದ ಸಂಧ್ಯಾ ನೋಡಿದಳು, ಅವಳು ಗುಂಡನನ್ನು ನೋಡುತ್ತಿಲ್ಲ, ನನ್ನ ಕೈ ನೋಡುತ್ತಿದ್ದಾಳೆ, ಆ ಮುಖ, ಗೆದ್ದವಳ ಮುಖ ಅಲ್ಲ ಅದು, ಅವಳ ಕೈಯಿಂದ ಯಾರೋ ಏನೋ ಕಿತ್ತುಕೊಂಡ ಹಾಗಿದೆ, ಇಲ್ಲ ಮಗಳೇ, ಅವನೇ ಇಟ್ಟ ಹೆಜ್ಜೆ ಅದು, ನಿನ್ನ ಗುಂಡ, ನಿನ್ನದೇ, ಬಾಯಿ ಬಿಡುವ ಹಾಗಿಲ್ಲ, ನಡಿಗೆ ನಡೆಯುತ್ತಿದೆ, ಆಮೇಲೆ ಹೇಳಿದರೆ ಆಣೆ ಪ್ರಮಾಣ ಮಾಡಿದರೂ ನಂಬಿದ ಹಾಗೆ ತಲೆಯಾಡಿಸುತ್ತಾಳೆ, ನಂಬುವುದಿಲ್ಲ, ಗುಬ್ಬಿಯ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ಆಂಟಿ ಎಳೆದರೋ ಅವನೇ ನಡೆದನೋ ಅಂತ ಜೀವಮಾನ ಇಡೀ — ಮುಂದೆ ಏರಿನ ತುದಿ, ಆಮೇಲೆ ಇಳಿಜಾರು, ಅದೇ ಕಷ್ಟದ್ದು, ಇವತ್ತಿನವರೆಗೆ ಅಲ್ಲಿ ಬೀಳದೆ ಇಳಿದವನಲ್ಲ. ನೋಡು ಸಂಧ್ಯಾ. ಇಲ್ಲಿ ನೋಡು. ಒಂದೊಂದೇ ಬೆರಳು ಬಿಡಿಸಿದೆ, ಹಗ್ಗ ಸರಿಯಿತು, ಒಂದು ಮೊಳ ಬಿಟ್ಟೆ, ಇನ್ನೊಂದು ಮೊಳ, ರಾಟೆಯಿಂದ ಗುಂಡನ ಹೆಗಲಿಗೆ ಹಗ್ಗ ಬಟ್ಟೆ ಒಣಹಾಕುವ ತಂತಿಯ ಹಾಗೆ ಜೋತುಬಿತ್ತು, ಸರ್ ನಗೆ ಹೋಯಿತು, ನಡುವಿನವರು ಹಣೆಯ ಕನ್ನಡಕ ಕೆಳಗಿಳಿಸಿ ಪಾದ ಬಿಟ್ಟು ಹಗ್ಗ ನೋಡಿದರು, ಇನ್ನು ಬಿದ್ದರೆ ನಾನು ಹಿಡಿಯುವ ಮೊದಲೇ ನೆಲ ಹಿಡಿಯುತ್ತದೆ, ಗೊತ್ತು, ಸಂಧ್ಯಾಗೂ ಗೊತ್ತು, ಅವಳ ಕೈ ಬಾಯಿಗೆ ಹೋಯಿತು, ಆದರೆ ಈಗ ನನ್ನ ಕೈ ನೋಡುತ್ತಿಲ್ಲ, ಅವನನ್ನು ನೋಡುತ್ತಿದ್ದಾಳೆ, ಗುಂಡ ತುದಿಗೆ ಬಂದ, ಇಳಿಜಾರಿಗೆ ಬಲಗಾಲು ಎತ್ತಿದ, ಎತ್ತಿದ ಕಾಲು, ಕೆಳಗೆ ನಾರು, ನಡುವೆ ನಾಲ್ಕು ಬೆರಳು ಗಾಳಿ, ಎತ್ತಿದ ಕಾಲು, ನನ್ನ ಕೈ ಖಾಲಿಯಾದಷ್ಟು ಹಗುರ, ಎತ್ತಿದ ಕಾಲು —