ಮೊದಲ ಎರಕ

ನಮ್ಮ ಯಜಮಾನರಿಗೆ ಗಾಡಿ ನಿಲ್ಲಿಸಲು ನೂರೆಂಟು ನೆಪ ಸಿಗುತ್ತವೆ. ಇಂಜಿನ್ ಕಾದಿದೆ, ಹಿಂದಿನ ಚಕ್ರದಲ್ಲಿ ಏನೋ ಸದ್ದು, ಟೀ ಕುಡಿಯದೆ ಕಣ್ಣು ಎಳೆಯುತ್ತಿದೆ. ಅವತ್ತಂತೂ ಬೆಳಗಿನಿಂದ ಬರೀ ಇದೇ ಆಯಿತು. ಹಳೇ ವ್ಯಾನಿನ ಹಿಂಭಾಗದಲ್ಲಿ ಒಂದು ಮಂಚ, ಗ್ಯಾಸ್ ಒಲೆ, ಅಂಗೈಯಗಲದ ಸಿಂಕು ಜೋಡಿಸಿಕೊಂಡು ನಾವು ಊರೂರು ಸುತ್ತಲು ಶುರುಮಾಡಿ ಒಂದು ಚಳಿಗಾಲ ಕಳೆದಿತ್ತು. ಅಷ್ಟು ದಿನ ಗಾಡಿ ಕೆಟ್ಟಿರಲಿಲ್ಲ. ಈ ಕೊನೆಯ ಊರು ಹತ್ತಿರವಾಗುತ್ತಲೇ ಅದಕ್ಕೆ ಇಲ್ಲದ ರೋಗಗಳೆಲ್ಲ ಅಂಟಿಕೊಂಡವು.

"ಸಂಜೆ ಮ್ಯೂಸಿಯಂ ಮುಚ್ಚತ್ತೆ. ಹತ್ತಿ," ಎಂದೆ. ಅದನ್ನೇ ಇನ್ನೊಂದು ಸಲ ಹೇಳಿದೆ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುತ್ತಲೇ ನಿವೃತ್ತಳಾದವಳು ನಾನು. ಯಾವುದನ್ನಾದರೂ ಎರಡು ಸಲ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇವರು ಮ್ಯೂಸಿಯಂಗಳಿಗೆ ಬೊಂಬೆ ಮಾಡುತ್ತಿದ್ದರು. ಬೊಂಬೆ ಅಂದರೆ ಮೂಗಿನ ತುದಿಗೆ ಕೋಪ ಬರುತ್ತದೆ, ಪ್ರತಿಮೆ ಅನ್ನಬೇಕು. ಸಣ್ಣ ಊರಿನ ಯಾವ ಮ್ಯೂಸಿಯಮ್ಮಿಗೆ ಹೋದರೂ ಗಾಜಿನ ಹಿಂದೆ ಒಬ್ಬ ಕುಂಬಾರ, ಒಬ್ಬಳು ನೇಕಾರ್ತಿ, ಹಿಂದೆ ಬಣ್ಣದ ಬೆಟ್ಟ ಇರುತ್ತದಲ್ಲ, ಆ ಥರದ್ದು. ಇವರು ಮಾಡಿದ ಪ್ರತಿ ದೃಶ್ಯದಲ್ಲೂ ಒಂದು ಹುಡುಗಿ ಇರುತ್ತಾಳೆ. ಒಂದು ಕಡೆ ಮಡಕೆ ಎತ್ತಿ ಕೊಡುತ್ತಾಳೆ, ಇನ್ನೊಂದು ಕಡೆ ಮೇಕೆಯ ಹಗ್ಗ ಹಿಡಿದು ನಿಂತಿರುತ್ತಾಳೆ. ಎಲ್ಲ ಕಡೆಯೂ ಮುಖ ಮಾತ್ರ ಒಂದೇ. ಅದು ನಮ್ಮ ಮಗಳದು.

ಹುಟ್ಟಿದಾಗಿನಿಂದ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದೆವು. ಎಂಟು ತುಂಬಿದ ವರ್ಷ ಮಿದುಳು ಜ್ವರ ಬಂತು. ಅವಳು ಹೋದಳು. ಅದಾಗಿ ಕೆಲವು ತಿಂಗಳ ಮೇಲೆ ಇವರ ಕಾರ್ಖಾನೆಯಲ್ಲಿ ಅವಳ ಮುಖದ ಅಚ್ಚು ನೋಡಿ ಇದು ಯಾವಾಗಿನದು ಎಂದು ಕೇಳಿದ್ದೆ. "ಬೇಸಿಗೆ ರಜದಲ್ಲಿ ತೆಗೆದದ್ದು," ಎಂದಿದ್ದರು ಇವರು. "ನೀನು ಡ್ಯೂಟಿಗೆ ಹೋಗಿದ್ದೆ. ಪ್ಲಾಸ್ಟರ್ ಹಾಕಿದ್ರೆ ಕಚಗುಳಿ ಅಂತ ನಗು ಬಂತು ಅವಳಿಗೆ. ಹೇಗೋ ತಡ್ಕೊಂಡಳು. ಬಾಯಿ ಎಡಗಡೆ ಸ್ವಲ್ಪ ಮೇಲೆ ಹೋಗಿದೆ ನೋಡು."

ಆ ತಡೆದ ನಗುವನ್ನು ನೆಚ್ಚಿಕೊಂಡೇ ನಾನು ಇಷ್ಟು ವರ್ಷ ಬದುಕಿದೆ.

ಈಗ ವಯಸ್ಸಾಗಿ ಅವಳ ಮುಖ ನನಗೆ ಮರೆಯುತ್ತಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಣ್ಣು ಮುಚ್ಚಿದರೆ ಜಡೆ ಬರುತ್ತದೆ, ಮೊಣಕಾಲಿನ ಗಾಯ ಬರುತ್ತದೆ, ಮುಖದ ಜಾಗದಲ್ಲಿ ಏನೂ ಬರುವುದಿಲ್ಲ. ಮನೆಯಲ್ಲಿರುವ ಸ್ಟುಡಿಯೋ ಫೋಟೋದಲ್ಲಿ ಅವಳು ಹೆದರಿ ಸೆಟೆದು ನಿಂತಿದ್ದಾಳೆ, ಅವಳಲ್ಲವೇ ಅಲ್ಲ. ಅದಕ್ಕೇ ನಾನೇ ಹಟ ಹಿಡಿದು ಇವರನ್ನು ಹೊರಡಿಸಿದ್ದು. ಅವಳಿರುವ ಊರುಗಳನ್ನೆಲ್ಲ ನೋಡಿ ಬರೋಣ, ದಾರಿಯಲ್ಲಿ ನಿಮ್ಮ ಹಳೇ ಸ್ನೇಹಿತರನ್ನೂ ಮಾತಾಡಿಸೋಣ ಎಂದೆ.

ಪ್ರತಿ ಊರಿನಲ್ಲೂ ನಮಗಿಂತ ಮೊದಲೇ ಬಂದು ಅವಳು ಕಾಯುತ್ತಿದ್ದಳು. ನಮ್ಮ ಕೂದಲು ನರೆತಿತ್ತು, ಸ್ನೇಹಿತರ ಹಲ್ಲು ಉದುರಿತ್ತು, ಅವಳಿಗೆ ಮಾತ್ರ ಎಂಟೇ ವರ್ಷ. ಒಂದು ಕಡೆ ಕಸ ಗುಡಿಸುವ ಹೆಂಗಸು ನನ್ನನ್ನು ಯಾರೋ ಪ್ರವಾಸಿ ಅಂದುಕೊಂಡು ಗುಟ್ಟು ಹೇಳಿದಳು. "ಆ ಮಗೂಗೆ ಬೆನ್ನು ಕೊಟ್ಟು ನಾನು ಗುಡಿಸಲ್ಲ ಅಮ್ಮಾ. ಏನೋ ಕೇಳ್ಬೇಕು ಅನ್ನೋ ಹಾಗೆ ನೋಡ್ತಾಳೆ." ಅವತ್ತು ನಾನು ಊಟ ಮಾಡಲಿಲ್ಲ. ವ್ಯಾನು ಹೊರಟ ಮೇಲೆ ಹಿಂದಿನ ಮಂಚದ ಕಡೆ ತಿರುಗಿ ನೋಡಲು ನನಗೂ ಧೈರ್ಯ ಬರಲಿಲ್ಲ. ಇವರು ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟಿದ್ದರು.

ಆದರೆ ಆ ಮುಖಗಳು ನನಗೆ ಸಾಲಲಿಲ್ಲ. ಮೂಗು ಮೊಂಡ, ಕೆನ್ನೆ ನುಣ್ಣಗೆ. ಕಣ್ಣು ಬೇರೆ ಗಾಜಿನದು. ಇವಳು ನಮ್ಮ ಪಿಟೀಲುವಿನ ಚಿಕ್ಕಮ್ಮನ ಮಗಳಿರಬೇಕು ಎಂದು ಕೊಂಕು ಆಡಿದಾಗ ಇವರು ಬಾಯಿಬಿಟ್ಟರು. ಅಚ್ಚು ಸವೆಯುತ್ತದಂತೆ. ಒಂದೊಂದು ಎರಕ ತೆಗೆದಾಗಲೂ ಸೂಕ್ಷ್ಮವಾದದ್ದು ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತದಂತೆ. ಮೊದಲ ಎರಕದಲ್ಲಿ ಮಾತ್ರ ಚರ್ಮದ ಗೆರೆಯೂ ಬಂದಿತ್ತು ಎಂದರು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ಗಾಡಿಯ ಬೀಗದ ಕೈ ಹುಡುಕತೊಡಗಿದರು.

"ಹಾಗಾದ್ರೆ ಅದನ್ನೇ ನೋಡ್ಬೇಕು. ಅದನ್ನೇ ನೋಡ್ಬೇಕು," ಎಂದೆ.

"ದೂರ ಇದೆ. ರಸ್ತೆ ಚೆನ್ನಾಗಿಲ್ಲ."

ಅಷ್ಟರಲ್ಲಿ ಆ ಊರಿನಿಂದಲೇ ಫೋನು ಬಂತು. ದೃಶ್ಯಗಳ ಹಿಂದಿನ ಬೆಟ್ಟ ಗುಡ್ಡಗಳನ್ನೆಲ್ಲ ಬರೆದವನು ಇವರ ಸ್ನೇಹಿತ. ಅವನನ್ನು ಎಲ್ಲರೂ ಪೇಂಟರ್ ಅಂತಲೇ ಕರೆಯುವುದು. ಈಗ ಆ ಮ್ಯೂಸಿಯಮ್ಮನ್ನು ಅವನೇ ನೋಡಿಕೊಳ್ಳುತ್ತಾನೆ. "ಆ ಕೋಣೆ ಖಾಲಿ ಮಾಡಿ ವಿಡಿಯೋ ತೋರಿಸೋ ದೊಡ್ಡ ಪರದೆ ಹಾಕ್ತಾರಂತೆ ಅತ್ತಿಗೆ. ಮಗು ಗೋಡೌನಿಗೆ ಹೋಗೋ ಮೊದಲು ಬನ್ನಿ," ಎಂದ. ಇನ್ನು ಇವರ ನೆಪ ನಡೆಯುವಂತಿರಲಿಲ್ಲ.

ಅಷ್ಟೆಲ್ಲ ನಿಂತು ನಿಂತು ಬಂದರೂ ಸಂಜೆಗೆ ಮುಂಚೆ ತಲುಪಿದೆವು. ಹಳೇ ಅಂಚೆ ಕಚೇರಿಯ ಕಟ್ಟಡ, ಮೆಟ್ಟಿಲ ಮೇಲೆ ಬಣ್ಣದ ಡಬ್ಬಗಳು. ಪೇಂಟರ್ ಬಂದು ಇವರನ್ನು ತಬ್ಬಿಕೊಂಡ. ಇವರು ಅವನ ಹೆಗಲ ಮೇಲಿಂದ ಬಾಗಿಲನ್ನು ನೋಡಿ, "ಬ್ರೇಕು ಯಾಕೋ ಸರಿಯಿಲ್ಲ, ನೋಡ್ತಿರ್ತೀನಿ. ನೀವು ಹೋಗಿ," ಎಂದು ಗಾಡಿಯ ಹತ್ತಿರವೇ ಉಳಿದರು. ನಾನು ಕಾಯಲಿಲ್ಲ.

ಕೋಣೆಯಲ್ಲಿ ಗಾಜು ತೆಗೆದಿದ್ದರು. ಒಬ್ಬ ಹೆಂಗಸು ನೂಲುತ್ತಿದ್ದಾಳೆ, ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಮಗು ಮಲಗಿದೆ. "ಇದೊಂದಕ್ಕೆ ಅವನು ಕಣ್ಣು ಬಿಡಿಸಲೇ ಇಲ್ಲ. ಮಲಗಿರಲಿ ಬಿಡು ಅಂದ," ಎಂದ ಪೇಂಟರ್.

ಮಂಡಿಯೂರಿ ಕೂತೆ. ಅವಳೇ. ನನ್ನ ಪಿಟೀಲು. ಹುಬ್ಬಿನ ಒಂದೊಂದು ಕೂದಲಿನ ಗುರುತೂ ಇತ್ತು, ಹಣೆಯಲ್ಲಿ ಸೀತಾಳೆ ಸಿಡುಬಿನ ಕುಳಿ ಇತ್ತು. ನನ್ನ ಬಾಯಿಂದ ಅವಳನ್ನು ಕರೆಯುವ ದನಿ ತಾನಾಗಿಯೇ ಹೊರಟಿತು. ಬೆರಳಿನಿಂದ ತುಟಿ ಸವರಿ, ಆ ನಗುವಿನ ಮೂಲೆಗೆ ಬಂದೆ. ಅಲ್ಲಿಂದ ಕೆನ್ನೆಯ ಮೇಲೆ ಕಿವಿಯ ಕಡೆಗೆ ಬೆರಳಗಲದ ಒಂದು ಪಟ್ಟಿ ಹೋಗಿತ್ತು. ಚಪ್ಪಟೆಯಾದ ಪಟ್ಟಿ, ಅಂಚಿನಲ್ಲಿ ಚರ್ಮ ಸುಕ್ಕಾಗಿ ನಿಂತಿತ್ತು. ನನ್ನ ಬೆರಳಿಗೆ ಅದರ ಪರಿಚಯವಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ್ದ ನಳಿಕೆ ಜಾರದಿರಲೆಂದು ಅಂಟಿಸಿದ್ದ ಟೇಪಿನ ಗುರುತು ಅದು. ಉಸಿರು ನಿಂತ ಅವಳನ್ನು ಮನೆಗೆ ತಂದು ಮಲಗಿಸಿದ ಮೇಲೆ ಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ.

ಬಾಯಿಯ ಮೂಲೆಯನ್ನು ಎಳೆದದ್ದು ನಗುವಲ್ಲ.

"ಅದು ಎರಕದ ದೋಷ ಅತ್ತಿಗೆ," ಎಂದ ಪೇಂಟರ್, ಪಾಪ. "ಬಣ್ಣ ಮೆತ್ತಿ ಮುಚ್ಚಿಬಿಡೋಣ ಅಂದಿದ್ದೆ. ಮುಟ್ಟಬೇಡ ಅಂತ ಅವನೇ ಜಗಳ ಆಡಿದ."

"ಇವಳನ್ನ ನಾವು ತಗೊಂಡು ಹೋಗಬಹುದಾ?"

"ಅದಕ್ಕೇ ಅಲ್ವಾ ನಿಮ್ಮನ್ನ ಬರಹೇಳಿದ್ದು."

ಒಳಗೆ ಟೊಳ್ಳು, ಅಂಥ ಭಾರವೇನಿರಲಿಲ್ಲ. ನಾನೂ ಪೇಂಟರೂ ಹಿಡಿದು ವ್ಯಾನಿನ ಹಿಂದಿನ ಬಾಗಿಲು ತೆಗೆದು ಮಂಚದ ಮೇಲೆ ಮಲಗಿಸಿದೆವು. ಪೇಂಟರನನ್ನು ಟೀ ತರಲು ಕಳಿಸಿದೆ. ಇವರು ಸ್ಪ್ಯಾನರ್ ಹಿಡಿದು ಹೊರಗೇ ನಿಂತಿದ್ದರು.

"ಒಳಗೆ ಬನ್ನಿ," ಎಂದೆ. ಈ ಮಾತನ್ನು ಎರಡನೇ ಸಲ ಹೇಳಲಿಲ್ಲ.

ಬಂದು ಮಂಚದ ಅಂಚಿನಲ್ಲಿ ಕೂತರು. ಅವಳನ್ನು ನೋಡಲಿಲ್ಲ. ನನಗೆ ಬಂದದ್ದು ದುಃಖವಲ್ಲ, ಹೊಟ್ಟೆಯುರಿ. ಅವಳು ಹೋದ ದಿನ ಡಾಕ್ಟರು ಇಂಜೆಕ್ಷನ್ ಕೊಟ್ಟು ನನ್ನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಆ ಮಧ್ಯಾಹ್ನ ನೆಂಟರು ಬರುವ ತನಕ ಇವರೊಬ್ಬರೇ ಅವಳ ಜೊತೆಗಿದ್ದರು. ಅವಳ ಮುಖವನ್ನು ಕೊನೆಯ ಸಲ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡಿದ್ದರು. ನನಗೆ ಮಾತ್ರ ಒಂದು ಕಟ್ಟುಕತೆ ಕೊಟ್ಟಿದ್ದರು.

"ನಗುವಿನ ಸುಳ್ಳು ಹಾಳಾಗಿ ಹೋಗಲಿ," ಎಂದೆ. "ನನ್ನನ್ನ ಯಾಕೆ ಎಬ್ಬಿಸಲಿಲ್ಲ? ನಾನೂ ಅವಳ ಹತ್ರ ಇರ್ತಿದ್ದೆನಲ್ಲ."

ಇವರು ಸ್ಪ್ಯಾನರನ್ನು ಕೆಳಗಿಟ್ಟರು.

"ಎಬ್ಬಿಸೋಕೆ ಬಂದಿದ್ದೆ," ಎಂದರು. "ಪ್ಲಾಸ್ಟರ್ ಗಟ್ಟಿಯಾಗ್ತಾ ಬಿಸಿ ಆಗತ್ತೆ. ಜನ್ಮವಿಡೀ ಅದೇ ಕೆಲಸ ಮಾಡಿದೋನು, ನನಗೆ ಗೊತ್ತಿಲ್ವಾ? ಮೆತ್ತಿ ಆದ್ಮೇಲೆ ಅವಳ ಕೆನ್ನೆ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಬೆಚ್ಚಗಾಯ್ತು. ಆಮೇಲೆ ಇನ್ನೂ ಬಿಸಿಯಾಯ್ತು. ಎದ್ದು ನಿನ್ನ ಹತ್ರ ಓಡಿ ಬಂದೆ, ಮಗು ಬೆಚ್ಚಗಿದೆ ಕಣೇ ಅಂತ ಹೇಳೋಕೆ. ನಿನ್ನ ಭುಜ ಹಿಡಿದು ಅಲ್ಲಾಡಿಸಿದೆ. ನೀನು ಏಳಲಿಲ್ಲ. ಆಗ ನನ್ನ ಕೈ ಪ್ಲಾಸ್ಟರಿಂದ ಬಿಳಿಯಾಗಿದ್ದದ್ದು ಕಾಣಿಸ್ತು."

ಅವತ್ತು ನನಗೆ ಎಚ್ಚರವಾದಾಗ ಮನೆ ತುಂಬ ಜನ ಇದ್ದರು. ನನ್ನ ಭುಜದ ಮೇಲೆ ಐದು ಬೆರಳಿನ ಬಿಳಿ ಗುರುತು ಇತ್ತು. ಏನೋ ಹಿಟ್ಟು ಮೆತ್ತಿಕೊಂಡಿದೆ ಎಂದು ಕೊಡವಿ, ನಾನು ಅವಳಿದ್ದ ಕೋಣೆಗೆ ಹೋಗಿದ್ದೆ.