ಮಂದಿರದ ಗೋಡೆಗೆ ಬಡಿದ ಚೆಂಡು

ಪ್ರಾರ್ಥನಾ ಮಂದಿರದ ಈ ಆಟದ ಮನೆಯನ್ನು ಕಟ್ಟಿದವಳು ನಾನೊಬ್ಬಳೇ, ಮಗಳೇ. ಅರ್ಧ ಸುಳ್ಳು ಅನ್ನು. ಮೈಮುರಿದು ದುಡಿದವರು ಮೂವತ್ತು ಜನ; ನಾನು ಅವರ ತಲೆ ತಿಂದೆ.

ಇದು ಮೊದಲು ನಮ್ಮ ಯಜಮಾನರ ಬಡಗಿ ಶೆಡ್ಡು. ಅವರು ಹೋದ ಮೇಲೆ ಇಲ್ಲಿ ಸುತ್ತಿಗೆಯ ಸದ್ದಿಲ್ಲ. ಪಕ್ಕದ ಮಂದಿರದಲ್ಲೂ ನಾವು ಏಳೆಂಟು ಮುದುಕಿಯರು ಬಿಟ್ಟರೆ ನರಪಿಳ್ಳೆ ಇಲ್ಲ. ದೇವರಿಗೂ ನಮ್ಮ ಮುಖ ನೋಡಿ ನೋಡಿ ಸಾಕಾಗಿರಬೇಕು. ಮಕ್ಕಳು ಆಡಲಿಕ್ಕಾದರೂ ಬರಲಿ ಎಂದು ಶೆಡ್ಡು ಬಿಟ್ಟುಕೊಟ್ಟೆ. ಮೂರು ಕಡೆ ತಗಡು; ಗಟ್ಟಿ ಗೋಡೆ ಎಂದರೆ ಮಂದಿರದ ಹಿಂಗೋಡೆ ಒಂದೇ. ಚೆಂಡು ಹಾಕುವ ರಿಂಗನ್ನು ಅದಕ್ಕೇ ಬಿಗಿದೆವು. ಆಚೆ ಬದಿಗೆ ಕಣ್ಣು ಮುಚ್ಚಿ ಕೂತವರಿರುತ್ತಾರೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ಸಂಜೆಯೇ ನನ್ನ ಮೈದುನ ಬಂದ. ಮಂದಿರದ ಹಿರಿಯ ಅವನೇ.

"ಅತ್ತಿಗೆ, ಪ್ರಾರ್ಥನೆ ಹೊತ್ತಲ್ಲಿ ಈ ಮಕ್ಕಳು ಇನ್ನೊಂದ್ಸಲ ಚೆಂಡು ಬಡಿದ್ರೆ ಶೆಡ್ಡಿಗೆ ಬೀಗ. ನೀವು ಅತ್ರೂ ತೆಗೆಯಲ್ಲ."

"ನಾನ್ಯಾಕೆ ಅಳ್ಲಿ? ನಿನ್ನ ಮದುವೆ ದಿನಾನೇ ಎಲ್ಲಾ ಅತ್ತು ಮುಗಿಸಿದೀನಿ."

ಅವನು ನಗಲಿಲ್ಲ. ಅಂದಿನಿಂದ ಪ್ರಾರ್ಥನೆಯ ಅರ್ಧ ಗಂಟೆ ಚೆಂಡು ನನ್ನ ಮಡಿಲಲ್ಲಿ. ಮಕ್ಕಳು ಗಡಿಯಾರವನ್ನು ನುಂಗುವ ಹಾಗೆ ನೋಡುತ್ತ ಕೂರುತ್ತಿದ್ದರು. ಗೋಡೆಯಾಚೆಯ ಹಾಡನ್ನು ಒಬ್ಬಿಬ್ಬರು ತಮಗೇ ಗೊತ್ತಿಲ್ಲದೆ ಗುನುಗುತ್ತಿದ್ದರು.

ಹದಿನೈದನೇ ದಿನ ಪ್ರಾರ್ಥನೆ ಹೊತ್ತಲ್ಲೇ ನನಗೇನಾಯಿತೋ. ಆ ಗೋಡೆಯಿಂದ ಸುತ್ತಿಗೆ ಬಡಿದಂಥ ಒಂದೇ ಒಂದು ಸದ್ದು ಕೇಳಬೇಕೆನಿಸಿತು. ಎದ್ದೆ, ಎಸೆದೆ. ಚೆಂಡು ಗೋಡೆಗೆ ಬಡಿದು ರಿಂಗಿನೊಳಗೆ ಇಳಿಯಿತು. ಏಳೂರಿನವರು ಎದ್ದು ಕೂತಿರಬೇಕು. ಹಾಡು ನಿಂತಿತು.

ಮೈದುನ ಬೀಗ ಹಿಡಿದೇ ಬಂದ. "ಯಾರು ಹೊಡೆದಿದ್ದು?"

"ನಾನೇ ಕಣೋ."

"ಮಕ್ಕಳನ್ನ ಉಳಿಸೋಕೆ ಸುಳ್ಳು ಬೇಡ ಅತ್ತಿಗೆ. ಸೂಜಿಗೆ ದಾರ ಪೋಣಿಸೋಕೂ ಪಕ್ಕದ ಮನೆಯವಳನ್ನ ಕರೀತೀರಿ."

ಜೀವಮಾನವಿಡೀ ಕಡ್ಡಿಯನ್ನು ಗುಡ್ಡ ಮಾಡಿದವಳು ನಾನು. ಒಂದು ಸಲ ನಿಜ ಹೇಳಿದರೆ ಯಾರು ನಂಬುತ್ತಾರೆ? ಮಕ್ಕಳು ಅಜ್ಜಿಯೇ ಎಂದರೂ ಮೈದುನ ಕೇಳಲಿಲ್ಲ. ಚೆಂಡನ್ನೆತ್ತಿ ನನ್ನ ಕೈಗಿಟ್ಟ.

"ಹಾಗಾದ್ರೆ ಇನ್ನೊಂದ್ಸಲ ಹಾಕಿ. ಒಳಗೆ ಬಿದ್ರೆ ತಪ್ಪು ನಿಮ್ದು, ನಾಳೆಯಿಂದ ಮಂದಿರದಲ್ಲಿ ನನ್ನ ಕಣ್ಣೆದುರೇ ಕೂತ್ಕೋಬೇಕು. ಬೀಳ್ಲಿಲ್ಲ ಅಂದ್ರೆ ಬೀಗ."

ಮುದುಕಿಯರೆಲ್ಲ ಬಂದು ಬಾಗಿಲಲ್ಲಿ ನಿಂತರು. ನನ್ನ ಕಣ್ಣಿಗೆ ಎರಡೆರಡು ರಿಂಗು ಕಾಣುತ್ತಿತ್ತು. ದೇವರನ್ನು ನೆನೆದೆ, ನಮ್ಮ ಯಜಮಾನರನ್ನೂ ನೆನೆದೆ. ಎಸೆದೆ.

ನೀನೀಗ ಇದೇ ಶೆಡ್ಡಿನಲ್ಲಿ ಆಡಿ ಬೆವರು ಒರೆಸುತ್ತಿದ್ದೀಯ. ಚೆಂಡು ಒಳಗೆ ಬಿತ್ತೋ, ಮೈದುನನ ಮನಸ್ಸು ಕರಗಿತೋ, ನೀನೇ ಹೇಳು ನೋಡೋಣ.