ಎರಡನೆಯ ಉಳುಮೆ

"ಇನ್ನೊಂದ್ಸಲ ನೆಲ ಅಗೀರಿ ಅತ್ತೆ. ಈ ಸಲ ಸ್ವಲ್ಪ ಹಸಿದೋರ ಥರ."

ಇದು ಐದನೆಯ ಸಲ. ಹಿರಿಯ ಹೆಂಗಸರನ್ನು ನಾವು ಅತ್ತೆ ಎನ್ನುತ್ತೇವೆಂದು ನಿರ್ದೇಶಕ ರೂಪರ್ಟ್‌ಗೆ ಯಾರೋ ಹೇಳಿಕೊಟ್ಟಿದ್ದರು. ಮೂರು ಮಾತಿಗೊಮ್ಮೆ ಅತ್ತೆ, ಉಳಿದಂತೆ ಕೈಸನ್ನೆ. ನಾನು ಮಂಡಿಯೂರಿ ಇನ್ನೊಂದು ಬಳ್ಳಿಯ ಬುಡ ಬಿಡಿಸಿದೆ.

ಕಾಡುಗೆಣಸನ್ನು ಸುಮ್ಮನೆ ಕಿತ್ತುಬಿಡುವಂತಿಲ್ಲ. ಬಳ್ಳಿಯ ಜಾಡು ಹಿಡಿದು, ಕೋಲಿನಿಂದ ಮಣ್ಣು ಸಡಿಲಿಸಿ, ಗೆಡ್ಡೆಯ ಕೆಳಭಾಗ ಮಾತ್ರ ಮುರಿದುಕೊಳ್ಳಬೇಕು. ತಲೆಯನ್ನು ಬಳ್ಳಿ ಸಮೇತ ಅಲ್ಲೇ ಮುಚ್ಚಬೇಕು. ಮುಂದಿನ ವರ್ಷದವರೆಗೆ ಆ ಗುಂಡಿಗೆ ಕೈ ಹಾಕಬಾರದು. ಸಿಡ್ನಿ ಹತ್ತಿರದ ಹಾಕ್ಸ್‌ಬರಿ ನದಿಯ ಈ ತಿರುವಿನ ಉದ್ದಕ್ಕೂ, ಈ ನೆಲದ ಮೂಲನಿವಾಸಿಗಳಾದ ನಮ್ಮ ದಾರುಗ್ ಜನರ ಗೆಣಸಿನ ಪಾತಿಗಳಿದ್ದವು. ಮೊದಲು ಬಂದ ಬಿಳಿಯರು ಮುಸುಕಿನ ಜೋಳಕ್ಕೆಂದು ಅವನ್ನು ಉತ್ತುಹಾಕಿದರು. ನಾನು ಕಂಡಂತೆ ಉಳಿದದ್ದು ಇದೊಂದು, ಎರಡು ಬಸ್ಸು ನಿಲ್ಲಿಸುವಷ್ಟು ಜಾಗ. ಅದೂ ಈಗಿನ ಜಮೀನಿನ ಒಡೆಯ ಮೆಕ್‌ಫೇಲನ ಬೇಲಿಯೊಳಗೆ. ವರ್ಷಕ್ಕೆರಡು ಸಲ ಅವನು ಮನಸ್ಸು ಮಾಡಿ ಗೇಟು ತೆಗೆದರೆ ಬಂದು ಕಳೆ ಕೀಳುತ್ತೇವೆ.

ಟೀವಿಯವರಿಗೆ ಇದನ್ನು ತೋರಿಸಿದವಳು ನಾನೇ. ಸಿಡ್ನಿಯ ಮೂರು ಸಂಸಾರಗಳು ಇನ್ನೂರು ವರ್ಷದ ಹಿಂದಿನವರ ಹಾಗೆ ಇಲ್ಲಿ ಗುಡಿಸಲು ಕಟ್ಟಿಕೊಂಡು ಬದುಕುತ್ತವೆ, ಆ ಕಾಲದ ನಿಮ್ಮವರಾಗಿ ನೀವೂ ಬನ್ನಿ ಎಂದು ಕರೆದಿದ್ದರು. ನಿಮ್ಮದು ಅನ್ನುವಂಥದ್ದು ಏನಾದರೂ ಉಳಿದಿದೆಯಾ ಎಂದು ರೂಪರ್ಟ್ ಕೇಳಿದಾಗ ನನಗೆ ಹಮ್ಮು ಬಂತು. ಕೈಹಿಡಿದು ಕರೆತಂದು ತೋರಿಸಿದೆ. ನನ್ನ ತಮ್ಮ ನೆವಿಲ್ ಅವರ ಒಪ್ಪಂದದ ಕಾಗದಕ್ಕೆ ರುಜು ಹಾಕಿದ.

ಏಳನೆಯ ಸಲಕ್ಕೆ ನಾನು ಆಗಲೇ ಮುರಿದಿದ್ದ ಗೆಣಸನ್ನೇ ಹಳೆಯ ಗುಂಡಿಯಲ್ಲಿ ಹೂತು ತೆಗೆದೆ. ಕ್ಯಾಮೆರಾದವನು ಹಿಡಿದುಬಿಟ್ಟ. ಸುಳ್ಳು ಬೇಡ ಅತ್ತೆ, ನಮ್ಮದು ಸತ್ಯದ ಕಾರ್ಯಕ್ರಮ ಎಂದು ರೂಪರ್ಟ್ ನಕ್ಕ. ಸಂಜೆಯ ಹೊತ್ತಿಗೆ, ಮತ್ತೆ ಮಣ್ಣು ಮುಚ್ಚಲು ಪುರಸೊತ್ತು ಸಿಗದ ಹನ್ನೊಂದು ಬಳ್ಳಿ ಬಾಡಿ ಮಲಗಿದ್ದವು.

ಆಮೇಲೆ ನಾಳೆಯ ವಿಷಯ ಹೇಳಿದ. ಆ ಮೂರು ಸಂಸಾರಗಳ ಪೈಕಿ, ವಲಸೆ ಬಂದ ಬಿಳಿಯನ ವೇಷದಲ್ಲಿರುವ ಹಲ್ಲಿನ ಡಾಕ್ಟರು ಎತ್ತು ಕಟ್ಟಿ ಈ ಪಾತಿಯನ್ನು ಉಳುತ್ತಾರೆ. ನಾನು ಮರಗಳ ಸಂದಿಯಿಂದ ಓಡಿಬಂದು ಅಳಬೇಕು.

ಪಕ್ಕದ ಬರಡು ನೆಲ ಉತ್ತುಕೊಳ್ಳಿ ಸ್ವಾಮಿ ಎಂದು ನೆವಿಲ್ ಬೇಡಿಕೊಂಡ. ಬರಡು ನೆಲ ನೋಡಿದರೆ ಅತ್ತೆಗೆ ನಿಜವಾದ ಅಳು ಬರುತ್ತದೆಯೇ ಎಂದು ರೂಪರ್ಟ್ ಕೇಳಿದ.

"ನಿಮ್ಗಾದ ಅನ್ಯಾಯಾನೇ ಅಲ್ವಾ ನಾವು ತೋರಿಸ್ತಿರೋದು? ಜನ ನೋಡ್ಬೇಕು. ನಿಮ್ಮ ಪರವಾಗೇ ಅತ್ತೆ."

"ನಮ್ಮ ಪರವಾಗಿ ಇನ್ನೊಂದ್ಸಲ ಉಳ್ತೀರೇನಪ್ಪ?"

ಆ ಮಾತು ಅವನಿಗೆ ಬಹಳ ಹಿಡಿಸಿತು. ನಾಳೆ ಕ್ಯಾಮೆರಾ ಮುಂದೆ ಅದನ್ನೇ ಹೇಳಿ ಎಂದ.

ಮೆಕ್‌ಫೇಲ್ ಬೇಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದ.

"ಸುಮ್ನೆ ಅತ್ತುಬಿಡೇ ಎಲ್ಸಿ. ಗೊಣಗಿದ್ಯೋ, ಈ ಗೇಟು ಇನ್ನು ನಿನ್ನ ಜನಕ್ಕೆ ತೆಗಿಯಲ್ಲ. ನಾನು ಬಿಟ್ಕೊಂಡಿದ್ದಕ್ಕೆ ಒಳಗಿದ್ದೀರಿ, ಬಡ್ಡೆತ್ತವಾ."

ಒಲ್ಲೆ ಎಂದರೆ ಗೇಟಿಲ್ಲ. ಹೂಂ ಎಂದರೆ ಗೇಟಿನೊಳಗೆ ಏನೂ ಇಲ್ಲ. ನೆವಿಲ್ ಮನೆಯವರೆಗೂ ಜೊತೆಗೆ ಬಂದ. ಹೊಸಿಲ ಹತ್ತಿರ ನಿಂತು, ಅತ್ತುಬಿಡಕ್ಕ, ಎಂದ.

ಬೆಳಿಗ್ಗೆ ಟೀವಿಯವರ ವ್ಯಾನುಗಳ ಹಿಂದೆಯೇ ನನ್ನ ಕೆಂಪು ಕಾರನ್ನು ಒಳಗೆ ತಂದು, ನೇಗಿಲು ಬರುವ ದಾರಿಗೆ ಅಡ್ಡಲಾಗಿ, ಪಾತಿಯ ಅಂಚಿನಲ್ಲಿ ನಿಲ್ಲಿಸಿದೆ. ಬಾಗಿಲು ಭದ್ರ ಮಾಡಿಕೊಂಡು ಕುಳಿತೆ. ಕ್ಯಾಮೆರಾ ಎತ್ತ ತಿರುಗಿಸಿದರೂ ಇನ್ನೂರು ವರ್ಷದ ಹಿಂದೆ ಒಂದು ಕೆಂಪು ಕಾರು.

ರೂಪರ್ಟ್ ಗಾಜು ತಟ್ಟಿದ, ಕೈಮುಗಿದ, ಬಿಸಿಲು ಏರುತ್ತಿದೆ ಎಂದ. ಡಾಕ್ಟರು ನೇಗಿಲ ಮೇಳಿ ಹಿಡಿದು ಯಾರ ಮುಖವನ್ನೂ ನೋಡದೆ ನಿಂತಿದ್ದರು. ಮೆಕ್‌ಫೇಲ್ ಬಂದು ಕಾರಿನ ತಲೆಗೆ ಗುದ್ದಿದ.

"ಈಚೆ ಬಾರೇ ಮುಂಡೆ. ಗೇಟು ಹಾಕಿಸ್ಬಿಡ್ತೀನಿ."

ಗಾಜನ್ನು ಎರಡು ಬೆರಳಿನಷ್ಟು ಇಳಿಸಿದೆ.

"ಹಾಕು. ಒಳಗೇ ಇದೀನಲ್ಲ."

ಅವನು ಹೋಗಿ ಗೇಟಿಗೆ ಸರಪಳಿ ಸುತ್ತಿದ. ನನ್ನ ಹಿಂದೆ ನಡೆದು ಬಂದಿದ್ದ ನೆವಿಲ್ ಗೇಟಿನಾಚೆ ಉಳಿದುಕೊಂಡ. ನೊಗ ಹೊತ್ತ ಎಡಗಡೆಯ ಎತ್ತು ಕಾರಿನ ಮೂತಿಯ ಪಕ್ಕಕ್ಕೆ ಕತ್ತು ಚಾಚಿ, ಒಂದು ಬಳ್ಳಿಯನ್ನು ಬುಡಸಮೇತ ಎಳೆದು ಅಗಿಯತೊಡಗಿತು. ಹಾರನ್ ಒತ್ತಿ ಹಿಡಿದೆ. ಎತ್ತು ಕಿವಿ ಆಡಿಸಿತು, ಬಾಯಿ ನಿಲ್ಲಿಸಲಿಲ್ಲ.